ಮಕ್ಕಳ ಸಕ್ಕರೆ ಕಾಯಿಲೆ: ಮಹಾಮಾರಿಯ ಕಾಲ ಕಲಿಸಿದ ಪಾಠ



ನವೆಂಬರ್ 14 ಬಂತೆಂದರೆ ನಮ್ಮ ಶಾಲೆಗಳಲ್ಲಿ ಸಡಗರವೋ ಸಡಗರ. ನೆಹರೂರವರ ಹುಟ್ಟುಹಬ್ಬ, ಮಕ್ಕಳ ದಿನಾಚರಣೆ, ವೇಷಭೂಷಣ ಸ್ಪರ್ಧೆ, ಕೊನೆಗೆ ಎಲ್ಲರ ಕೈಗೂ ಒಂದೊಂದು ಮಿಠಾಯಿ. ಅದೇ ದಿನಕ್ಕೆ ಇನ್ನೊಂದು ಹೆಸರೂ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ಅದು ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಪ್ರಮುಖರಾದ ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. ಅವರ ಸ್ಮರಣೆಗಾಗಿ 1991ರಿಂದ ಈ ದಿನವನ್ನು ಆಚರಿಸಲಾಗುತ್ತಿದೆ.

ಒಂದೇ ದಿನದಲ್ಲಿ ಮಕ್ಕಳೂ ಮಧುಮೇಹವೂ ಜೊತೆಯಾಗಿರುವುದು ಆಕಸ್ಮಿಕವೇ ಇರಬಹುದು. ಆದರೆ ಆ ಜೊತೆಯಲ್ಲಿ ನಮಗೊಂದು ಎಚ್ಚರಿಕೆ ಇದೆ. "ಸಕ್ಕರೆ ಕಾಯಿಲೆ ಮಕ್ಕಳಿಗೆಲ್ಲಿ ಬರುತ್ತದೆ? ಅದು ವಯಸ್ಸಾದವರ ಕಾಯಿಲೆಯಲ್ಲವೇ?" ಎಂದು ಕೇಳುವವರು ಇಂದಿಗೂ ಇದ್ದಾರೆ. ಈ ತಪ್ಪು ತಿಳಿವಳಿಕೆ ಪ್ರತಿ ವರ್ಷವೂ ಮಕ್ಕಳ ಪ್ರಾಣಕ್ಕೆ ಕುತ್ತಾಗುತ್ತಿದೆ. 2020 ಮತ್ತು 2021ರ ಕೊರೊನಾ ದಿನಗಳಲ್ಲಂತೂ ಈ ಅಪಾಯ ಜಗತ್ತಿನಾದ್ಯಂತ ಹೆಚ್ಚಿತು. ಅದು ಹೇಗೆ, ಏಕೆ, ಮತ್ತು ಮುಂದೆ ಹಾಗಾಗದಂತೆ ನಾವೇನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಎರಡು ಬಗೆಯ ಕಾಯಿಲೆ

ನಮ್ಮ ಮನೆಗಳ ಅಜ್ಜ ಅಜ್ಜಿಯರಿಗೆ ಇರುವುದು ಸಾಮಾನ್ಯವಾಗಿ ಎರಡನೆಯ ಬಗೆಯ ಅಂದರೆ ಟೈಪ್ 2 ಮಧುಮೇಹ. ಅವರ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಸಾಲದೆ ಹೋಗುತ್ತದೆ. ಅದು ನಿಧಾನವಾಗಿ ಬರುತ್ತದೆ. ಪಥ್ಯ, ನಡಿಗೆ, ಮಾತ್ರೆಗಳಿಂದ ಹತೋಟಿಗೆ ತರಬಹುದು.

ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವುದು ಮೊದಲನೆಯ ಬಗೆ, ಟೈಪ್ 1. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳಿವೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಈ ಕೋಶಗಳನ್ನು ಶತ್ರುಗಳೆಂದು ತಿಳಿದು ನಾಶಮಾಡುತ್ತದೆ. ಮಗು ಹೆಚ್ಚು ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ. ತಾಯಿ ಬಸುರಿಯಾಗಿದ್ದಾಗ ಏನೋ ತಪ್ಪು ಮಾಡಿದ್ದರಿಂದಲೂ ಬರುವುದಿಲ್ಲ. ಯಾರ ದೃಷ್ಟಿಯೂ ತಗುಲಿದ್ದಲ್ಲ, ಯಾವ ಪಾಪದ ಫಲವೂ ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಇಂಥ ಮಕ್ಕಳ ತಾಯಂದಿರು ನೆಂಟರಿಷ್ಟರಿಂದ ಕೇಳಬಾರದ ಮಾತುಗಳನ್ನು ಕೇಳಿ ಕಣ್ಣೀರಿಡುವುದುಂಟು.

ಎಷ್ಟು ಮಕ್ಕಳಿಗೆ ಈ ಕಾಯಿಲೆ ಇದೆ? ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2,29,000 ಮಕ್ಕಳು ಮತ್ತು ಹದಿಹರೆಯದವರು ಟೈಪ್ 1 ಮಧುಮೇಹದೊಂದಿಗೆ ಬದುಕುತ್ತಿದ್ದರು. ಅಂದು ಇದು ಜಗತ್ತಿನಲ್ಲೇ ಅತಿ ದೊಡ್ಡ ಸಂಖ್ಯೆ. ನಮ್ಮ ರಾಜ್ಯದ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ವೈದ್ಯರು 1995ರಿಂದ ನಡೆಸಿದ ಕರ್ನಾಟಕ ಮಧುಮೇಹ ನೋಂದಣಿಯಲ್ಲಿ ಲಕ್ಷಕ್ಕೆ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4.0 ಎಂಬ ಪ್ರಮಾಣ ಕಂಡುಬಂದಿತು.

ಲಕ್ಷಕ್ಕೆ ನಾಲ್ಕು ಎಂದರೆ ಕಡಿಮೆಯೆಂದು ತೋರಬಹುದು. ಅಪಾಯ ಇರುವುದು ಅಲ್ಲಿಯೇ. ಬೀದಿಯ ಕೊನೆಯ ಕ್ಲಿನಿಕ್ಕಿನ ವೈದ್ಯರು ದಿನವೂ ಹತ್ತಾರು ಮಕ್ಕಳ ಜ್ವರ, ಕೆಮ್ಮು, ವಾಂತಿ ನೋಡುತ್ತಾರೆ. ಅವರ ಎದುರಿಗೆ ಹೊಸದಾಗಿ ಟೈಪ್ 1 ಬಂದ ಮಗು ಬಂದು ಕೂರುವುದು ಹಲವು ವರ್ಷಗಳಿಗೊಮ್ಮೆ. ಅಪರೂಪದ್ದು ತಟ್ಟನೆ ಹೊಳೆಯುವುದಿಲ್ಲ. ತಂದೆತಾಯಿಗೂ ಹೊಳೆಯುವುದಿಲ್ಲ, ವೈದ್ಯರಿಗೂ ಹೊಳೆಯದಿರಬಹುದು.

ದೇಹದೊಳಗೆ ಏನಾಗುತ್ತದೆ?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಬಾಗಿಲ ಮುಂದೆ ಅಕ್ಕಿ ರಾಗಿಯ ಮೂಟೆಗಳು ಬಂದು ಬಿದ್ದಿವೆ. ಆದರೆ ಬಾಗಿಲಿಗೆ ಬೀಗ, ಬೀಗದ ಕೈ ಕಳೆದುಹೋಗಿದೆ. ಹೊರಗೆ ಮೂಟೆಗಳ ರಾಶಿ, ಒಳಗೆ ಹಸಿವು. ಟೈಪ್ 1 ಮಧುಮೇಹದಲ್ಲಿ ಆಗುವುದೂ ಇದೇ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯೆಲ್ಲವೂ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದು ಜೀವಕೋಶಗಳೊಳಗೆ ಹೋಗಲು ಇನ್ಸುಲಿನ್ ಎಂಬ ಬೀಗದ ಕೈ ಬೇಕು. ಅದಿಲ್ಲವಾದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತದೆ, ಜೀವಕೋಶಗಳು ಉಪವಾಸ ಬೀಳುತ್ತವೆ.

ಹೆಚ್ಚಾದ ಸಕ್ಕರೆಯನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಸಕ್ಕರೆ ತನ್ನೊಡನೆ ನೀರನ್ನೂ ಎಳೆದುಕೊಂಡು ಹೋಗುವುದರಿಂದ ಮಗು ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತದೆ. ನೀರು ಹೋದಂತೆಲ್ಲ ಬಾಯಾರಿಕೆ ಹೆಚ್ಚುತ್ತದೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಮಧುಮೇಹ ಎಂಬ ಹೆಸರೇ ಅಲ್ಲಿಂದ ಬಂದದ್ದು.

ಇತ್ತ ಹಸಿದ ದೇಹ ಸುಮ್ಮನಿರುವುದಿಲ್ಲ. ಒಣ ಸೌದೆ ಸಿಗದಿದ್ದಾಗ ಹಸಿ ಸೌದೆಯನ್ನೇ ಒಲೆಗೆ ಇಡುವಂತೆ, ಅದು ತನ್ನಲ್ಲಿರುವ ಕೊಬ್ಬನ್ನೇ ಅವಸರವಾಗಿ ಉರಿಸತೊಡಗುತ್ತದೆ. ಹಸಿ ಸೌದೆಗೆ ಮನೆಯೆಲ್ಲ ಹೊಗೆ ತುಂಬುವಂತೆ, ಕೊಬ್ಬು ಹೀಗೆ ಉರಿದಾಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ರಕ್ತ ಹುಳಿಯಾಗುತ್ತದೆ. ಈ ಸ್ಥಿತಿಯನ್ನು ವೈದ್ಯರು ಡಯಾಬಿಟಿಕ್ ಕೀಟೋಅಸಿಡೋಸಿಸ್ ಅಥವಾ ಚಿಕ್ಕದಾಗಿ ಡಿಕೆಎ ಎನ್ನುತ್ತಾರೆ.

ಇದರ ಲಕ್ಷಣಗಳು ಹೀಗಿವೆ: ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು, ವಿಪರೀತ ಸುಸ್ತು. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಅಥವಾ ಉಗುರುಬಣ್ಣ ಅಳಿಸುವ ದ್ರವದಂಥ ವಾಸನೆ. ದೇಹ ಆಮ್ಲವನ್ನು ಹೊರಹಾಕಲು ಹೆಣಗುವುದರಿಂದ ಆಳವಾದ, ವೇಗವಾದ ಉಸಿರಾಟ. ಕೊನೆಗೆ ಮಂಪರು, ಪ್ರಜ್ಞೆ ತಪ್ಪುವುದು. ಕೆಲವು ಮಕ್ಕಳಲ್ಲಿ ಮೆದುಳು ಊದಿಕೊಂಡು ಸಾವು ಸಂಭವಿಸಬಹುದು. ಮೊದಲ ಲಕ್ಷಣ ಕಂಡ ದಿನದಿಂದ ಇಲ್ಲಿಗೆ ಬರಲು ಕೆಲವೇ ವಾರಗಳು ಸಾಕು. ಪುಟ್ಟ ಮಕ್ಕಳಲ್ಲಿ ಕೆಲವೇ ದಿನಗಳೂ ಸಾಕು.

ಸಮಾಧಾನದ ಸಂಗತಿಯೆಂದರೆ, ಇದನ್ನು ಮೊದಲ ಹಂತದಲ್ಲೇ ಹಿಡಿಯಬಹುದು. ಬೆರಳ ತುದಿಯ ಒಂದು ಹನಿ ರಕ್ತ, ಒಂದು ಗ್ಲೂಕೋಮೀಟರ್, ಒಂದು ನಿಮಿಷಕ್ಕೂ ಕಡಿಮೆ ಸಮಯ. ಲಕ್ಷಣಗಳಿರುವ ಮಗುವಿನ ರಕ್ತದಲ್ಲಿ ಸಕ್ಕರೆ 200 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. "ನಾಳೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ನೋಡೋಣ" ಎಂದು ಕಾಯಬಾರದು.

ಮಹಾಮಾರಿ ಬಂದಾಗ

ಬೆಂಗಳೂರಿನಲ್ಲಿ ಮೊದಲ ಕೊರೊನಾ ಪ್ರಕರಣ ಬೆಳಕಿಗೆ ಬಂದದ್ದು 2020ರ ಮಾರ್ಚ್ ಎರಡನೆಯ ವಾರದಲ್ಲಿ. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಟಿ. ದಾಸರಹಳ್ಳಿಯನ್ನು ಬಲ್ಲವರು ಆ ದಿನಗಳನ್ನು ಮರೆಯಲಾರರು. ಹಗಲಿರುಳೂ ಲಾರಿ ಬಸ್ಸುಗಳಿಂದ ಗಿಜಿಗುಡುವ ತುಮಕೂರು ರಸ್ತೆ ಬಿಕೋ ಎನ್ನುತ್ತಿತ್ತು. ಪೀಣ್ಯದ ಕಾರ್ಖಾನೆಗಳ ಯಂತ್ರಗಳು ಮೌನವಾದವು. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಕ್ಕಳು ಬಾಗಲಗುಂಟೆ, ಮಲ್ಲಸಂದ್ರ, ಚೊಕ್ಕಸಂದ್ರದ ಬಾಡಿಗೆ ಮನೆಗಳಲ್ಲಿ ಸಂಬಳವಿಲ್ಲದೆ ಕುಳಿತರು. ಮಾರ್ಚ್ 22ರಂದು ನಿಂತ ಮೆಟ್ರೊ ರೈಲು ಮತ್ತೆ ಓಡಿದ್ದು ಸೆಪ್ಟೆಂಬರ್ 7ರಂದು. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ವಸ್ತುಪ್ರದರ್ಶನ ಕೇಂದ್ರವನ್ನು 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರವನ್ನಾಗಿ ಮಾಡಲು ಆ ವರ್ಷದ ಜುಲೈನಲ್ಲಿ ಸಿದ್ಧತೆ ನಡೆಯಿತು. ನಗರದ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು.

ಇಂಥ ಹೊತ್ತಿನಲ್ಲಿ ಒಂದು ಮಗುವಿಗೆ ಬಾಯಾರಿಕೆ ಶುರುವಾಯಿತೆಂದು ಊಹಿಸಿಕೊಳ್ಳಿ. ಒಂಬತ್ತು ವರ್ಷದ ಹುಡುಗಿ. ಏಪ್ರಿಲ್ ತಿಂಗಳು, ಶೀಟಿನ ಮನೆ, ಬಿಸಿಲಿನ ಧಗೆ. ನೀರು ಹೆಚ್ಚು ಕುಡಿದರೆ ಯಾರಿಗೆ ಅನುಮಾನ ಬರುತ್ತದೆ? ಶಾಲೆ ಇದ್ದಿದ್ದರೆ "ಈ ಹುಡುಗಿ ತರಗತಿಯಿಂದ ಪದೇ ಪದೇ ಎದ್ದು ಹೋಗುತ್ತಾಳೆ, ತುಂಬಾ ಇಳಿದುಹೋಗಿದ್ದಾಳೆ" ಎಂದು ಟೀಚರ್ ಹೇಳುತ್ತಿದ್ದರೋ ಏನೋ. ಶಾಲೆ ಮುಚ್ಚಿದೆ. ಮೈ ಇಳಿದಿದ್ದರೆ "ಸರಿಯಾಗಿ ಊಟವಿಲ್ಲ, ಅದಕ್ಕೆ" ಎಂದು ತಾಯಿ ನೊಂದುಕೊಳ್ಳುತ್ತಾಳೆ. ರಾತ್ರಿ ಹಾಸಿಗೆ ಒದ್ದೆಯಾದರೆ "ಇಷ್ಟು ದೊಡ್ಡವಳಾಗಿ ಇದೇನೇ!" ಎಂದು ಗದರುತ್ತಾಳೆ. ಮೂರನೆಯ ವಾರ ವಾಂತಿ, ಹೊಟ್ಟೆನೋವು. ಮೆಡಿಕಲ್ ಶಾಪಿನಿಂದ ಒಂದು ಮಾತ್ರೆ. ಮರುದಿನ ಏದುಸಿರು.

ಏದುಸಿರು! ಆ ಕಾಲದಲ್ಲಿ ಆ ಒಂದು ಪದ ಸಾಕಿತ್ತು, ಎಲ್ಲರ ಮನಸ್ಸೂ ಕೊರೊನಾ ಕಡೆಗೆ ಓಡುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮಗುವನ್ನು ಬೇರೆ ಇಡುತ್ತಾರೆ, ಮನೆಗೆ ಚೀಟಿ ಅಂಟಿಸುತ್ತಾರೆ, ಬೀದಿಯವರು ದೂರ ಸರಿಯುತ್ತಾರೆ ಎಂಬ ಭಯ. ಧೈರ್ಯ ಮಾಡಿ ಹೋದರೂ ಗಂಟಲ ದ್ರವದ ಪರೀಕ್ಷೆ ಮೊದಲು, ಅದರ ಫಲಿತಾಂಶ ಬರುವವರೆಗೆ ಕಾಯುವಿಕೆ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದರೆ ಆಮ್ಲಜನಕ 98. "ಶ್ವಾಸಕೋಶ ಚೆನ್ನಾಗಿದೆ, ಭಯವಿಲ್ಲ" ಎಂದು ವಾಪಸ್ಸು ಬಂದರೆ ಆ ಮಗುವಿನ ಗತಿ ಏನು?

ಇಲ್ಲಿ ನಾವು ಕಲಿಯಬೇಕಾದ ಸೂಕ್ಷ್ಮವಿದೆ. ಸಾಮಾನ್ಯವಾಗಿ ಡಿಕೆಎಯಲ್ಲಿ ಉಸಿರು ವೇಗವಾಗುವುದು ರಕ್ತದ ಆಮ್ಲದಿಂದ, ಶ್ವಾಸಕೋಶದ ತೊಂದರೆಯಿಂದಲ್ಲ. ಆದ್ದರಿಂದ ಆಕ್ಸಿಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ಕೆಮ್ಮಿಲ್ಲದೆ, ಆಮ್ಲಜನಕ ಸರಿಯಿದ್ದೂ, ಮಗು ಜೋರಾಗಿ ಉಸಿರೆಳೆಯುತ್ತಿದ್ದರೆ ಆಗ ಬೇಕಾದದ್ದು ಗ್ಲೂಕೋಮೀಟರ್. ಆ ಎರಡು ವರ್ಷಗಳಲ್ಲಿ ಆಕ್ಸಿಮೀಟರ್ ಮನೆಮನೆಗೂ ಬಂತು. ಸಕ್ಕರೆ ನೋಡುವ ಯಂತ್ರ ಎಷ್ಟೋ ಮನೆಗಳಲ್ಲಿ ಅಜ್ಜನ ಕಪಾಟಿನಲ್ಲೇ ಇತ್ತು. ಅದನ್ನು ಮೊಮ್ಮಗಳ ಬೆರಳಿಗೂ ಹಾಕಿ ನೋಡಬಹುದೆಂದು ಯಾರಿಗೂ ತೋಚುತ್ತಿರಲಿಲ್ಲ.

ಅಂಕಿ ಅಂಶಗಳು ಏನು ಹೇಳುತ್ತವೆ?

ಮೇಲೆ ಹೇಳಿದ್ದು ಕಲ್ಪನೆಯ ಚಿತ್ರವಾದರೂ ಅದರ ಹಿಂದಿನ ಸತ್ಯ ಅಂಕಿಗಳಲ್ಲಿ ದಾಖಲಾಗಿದೆ. ಜರ್ಮನಿಯಲ್ಲಿ 2020ರ ಮಾರ್ಚ್ 13ರಿಂದ ಮೇ 13ರವರೆಗೆ ಹೊಸದಾಗಿ ಟೈಪ್ 1 ಪತ್ತೆಯಾದ 532 ಮಕ್ಕಳ ವಿವರಗಳನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ ಶೇಕಡ 44.7ರಷ್ಟು ಮಕ್ಕಳು ಡಿಕೆಎ ಸ್ಥಿತಿಯಲ್ಲೇ ಆಸ್ಪತ್ರೆಗೆ ಬಂದಿದ್ದರು. ಹಿಂದಿನ ವರ್ಷ ಅದೇ ಅವಧಿಯಲ್ಲಿ ಈ ಪ್ರಮಾಣ ಶೇಕಡ 24.5 ಮಾತ್ರ. ಅಂದರೆ ಹೆಚ್ಚುಕಡಿಮೆ ಎರಡರಷ್ಟು! ಜರ್ಮನಿಯಂಥ ಸಿರಿವಂತ ದೇಶದಲ್ಲಿ, ಎಲ್ಲರಿಗೂ ವಿಮೆಯಿರುವ ಕಡೆಯಲ್ಲಿ, ಹೀಗಾಯಿತು.

ಮುಂದೆ 2023ರಲ್ಲಿ ಕೆನಡಾದ ಟೊರಾಂಟೊ ನಗರದ ಸಂಶೋಧಕರು ಹಲವು ದೇಶಗಳ 42 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಂದು ಲಕ್ಷಕ್ಕೂ ಮಿಕ್ಕಿದ ಮಕ್ಕಳ ಮಾಹಿತಿ ಅದರಲ್ಲಿತ್ತು. ಕಾಯಿಲೆ ಪತ್ತೆಯಾಗುವ ವೇಳೆಗೆ ಡಿಕೆಎ ತಲೆದೋರಿದ್ದ ಮಕ್ಕಳ ಪ್ರಮಾಣ ಮಹಾಮಾರಿಗೆ ಮೊದಲಿಗಿಂತ 1.26 ಪಟ್ಟು ಆಗಿತ್ತು. ಹೊಸ ಟೈಪ್ 1 ಪ್ರಕರಣಗಳೂ ಮೊದಲ ವರ್ಷ 1.14 ಪಟ್ಟು, ಎರಡನೆಯ ವರ್ಷ 1.27 ಪಟ್ಟು ಆಗಿದ್ದವು.

ಹಾಗಾದರೆ ಕೊರೊನಾ ವೈರಾಣುವೇ ಮಕ್ಕಳಿಗೆ ಮಧುಮೇಹ ತಂದಿತೇ? ಈ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ, ಹಾಗೆಂದು ಸಾಬೀತಾಗಿಲ್ಲ. ಆದರೆ ಮಕ್ಕಳು ತಡವಾಗಿ ಆಸ್ಪತ್ರೆ ಸೇರಿದ್ದು ಡಿಕೆಎ ಹೆಚ್ಚಲು ಮುಖ್ಯ ಕಾರಣವೆಂದು ಹಲವು ದೇಶಗಳ ವೈದ್ಯರು ಅಭಿಪ್ರಾಯಪಟ್ಟಿದ್ದಾರೆ. ಮಗುವನ್ನು ಸೋಂಕಿನಿಂದ ಕಾಪಾಡಬೇಕೆಂಬ ಕಾಳಜಿಯೇ ಮಗುವನ್ನು ಚಿಕಿತ್ಸೆಯಿಂದ ದೂರವಿಟ್ಟಿತು. ಇದು ಯಾರನ್ನೂ ದೂಷಿಸುವ ಮಾತಲ್ಲ. ಭಯದಲ್ಲಿದ್ದವರು ಭಯಪಟ್ಟದ್ದು ಸಹಜ. ಆದರೆ ಮುಂದೊಂದು ದಿನ ಮತ್ತೊಂದು ಮಹಾಮಾರಿ ಬಂದರೆ, ಅಥವಾ ಡೆಂಗ್ಯೂ ಹಾವಳಿಯಂಥ ಗಾಬರಿಯ ದಿನಗಳು ಬಂದರೆ, ಒಂದು ಕಾಯಿಲೆಯ ಗದ್ದಲದಲ್ಲಿ ಇನ್ನೊಂದನ್ನು ಮರೆಯಬಾರದೆಂಬ ಪಾಠ ನಮ್ಮೊಂದಿಗಿರಲಿ.

ಮೊದಲೇ ಕಾಯಿಲೆ ಇದ್ದ ಮಕ್ಕಳು

ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ಅನ್ನದಷ್ಟೇ ಅಗತ್ಯ. ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳಬೇಕು, ಬದುಕಿರುವ ತನಕ. ಸಂಬಳ ನಿಂತು, ಬಸ್ಸು ನಿಂತು, ಔಷಧಿ ಅಂಗಡಿಗಳ ಮುಂದೆ ಸಾಲು ಬೆಳೆದಾಗ ಈ ಕುಟುಂಬಗಳು ಪಟ್ಟ ಪಾಡು ಸಾಮಾನ್ಯವಲ್ಲ. ಒಂದು ಬಾಟಲಿಯನ್ನು ಹೆಚ್ಚು ದಿನ ಎಳೆಯಲು ಪ್ರಮಾಣ ಕಡಿಮೆ ಮಾಡುವುದು, ಪಟ್ಟಿ ಉಳಿಸಲು ಸಕ್ಕರೆ ಪರೀಕ್ಷೆ ಬಿಡುವುದು, "ಇವತ್ತು ಊಟವೇ ಸರಿಯಾಗಿಲ್ಲ, ಇನ್ಸುಲಿನ್ ಏಕೆ" ಎಂದು ಅದನ್ನೇ ಬಿಡುವುದು, ಇವೆಲ್ಲ ಡಿಕೆಎಗೆ ದಾರಿ ಮಾಡಿಕೊಡುವ ಹೆಜ್ಜೆಗಳು. ಅದಕ್ಕಾಗಿ ಪ್ರತಿ ಮನೆಯವರೂ ಕೆಲವು ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು.

1. ಜ್ವರ, ಭೇದಿ, ಶೀತ ಏನೇ ಇರಲಿ, ಇನ್ಸುಲಿನ್ ಅನ್ನು ಪೂರ್ತಿ ನಿಲ್ಲಿಸಬಾರದು. ಕಾಯಿಲೆ ಬಿದ್ದಾಗ ದೇಹಕ್ಕೆ ಎಷ್ಟೋ ಸಲ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಪ್ರಮಾಣ ಎಷ್ಟೆಂಬುದನ್ನು ವೈದ್ಯರನ್ನು ಫೋನಿನಲ್ಲಾದರೂ ಕೇಳಿ ನಿರ್ಧರಿಸಬೇಕು.

2. ಅಂಥ ದಿನಗಳಲ್ಲಿ ಎರಡರಿಂದ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಸಕ್ಕರೆ ನೋಡಬೇಕು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಡಬ್ಬಿ ಮನೆಯಲ್ಲಿರಲಿ.

3. ನೀರು, ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಲೇ ಇರಬೇಕು.

4. ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ, ಉಸಿರು ಜೋರಾದರೆ, ಮಂಪರು ಬಂದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.

5. ಇನ್ಸುಲಿನ್ ಹೆಚ್ಚಾಗಿ ಊಟ ಕಡಿಮೆಯಾದರೆ ಸಕ್ಕರೆ ಕುಸಿಯುವ ಅಪಾಯವೂ ಇದೆ. ನಡುಕ, ಬೆವರು, ಕಣ್ಣು ಮಂಜಾಗುವುದು, ಕಾರಣವಿಲ್ಲದ ಸಿಟ್ಟು ಕಂಡು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕೊಡಿ. ಕಾಲು ಗಂಟೆಯ ನಂತರ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಇಡುವುದು ಹೇಗೆ? ಒಂದು ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದರೆ ಬೇಸಿಗೆಯಲ್ಲೂ ಅದು ತಂಪಾಗಿರುತ್ತದೆ. ನಮ್ಮ ಹಳ್ಳಿಗಳ ಈ ಹಳೆಯ ಉಪಾಯ ಒಳ್ಳೆಯ ಫಲ ಕೊಡುತ್ತದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಫ್ರಿಜ್ ಇದ್ದವರು ಇನ್ಸುಲಿನ್ ಅನ್ನು ಮಂಜುಗಡ್ಡೆಯಾಗುವ ಮೇಲಿನ ಪೆಟ್ಟಿಗೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದರೆ ಅದರ ಶಕ್ತಿ ಕೆಡುತ್ತದೆ.

ವ್ರತ, ತಪಸ್ಸುಕಾಲದ ಉಪವಾಸ ಇವುಗಳ ವಿಷಯದಲ್ಲೂ ಒಂದು ಮಾತು. ಇನ್ಸುಲಿನ್ ಪಡೆಯುವ ಮಗು ಇತರರನ್ನು ನೋಡಿ ತಾನೂ ಊಟ ಬಿಡುತ್ತೇನೆಂದು ಹಟ ಹಿಡಿಯಬಹುದು. ಹಿರಿಯರು ಪ್ರೀತಿಯಿಂದ ತಡೆಯಬೇಕು. ತ್ಯಾಗ ಮಾಡಲು ಬೇರೆ ದಾರಿಗಳಿವೆ. ಉಪವಾಸ ಈ ಮಗುವಿಗೆ ಹೇಳಿದ್ದಲ್ಲ.

ಹದಿಹರೆಯದ ಕಷ್ಟಗಳು

ಹತ್ತು ವರ್ಷದವರೆಗೆ ತಾಯಿ ಚುಚ್ಚಿದ್ದನ್ನು ಚುಚ್ಚಿಸಿಕೊಂಡ ಮಗು ಹದಿನಾಲ್ಕಕ್ಕೆ ಬಂದಾಗ ಬದಲಾಗುತ್ತದೆ. "ನಾನೇ ಹಾಕಿಕೊಳ್ಳುತ್ತೇನಮ್ಮ" ಎಂದು ಹೇಳಿ ಹಾಕಿಕೊಳ್ಳದೆ ಬಿಡುವುದುಂಟು. ಗೆಳೆಯರ ಮುಂದೆ ಸೂಜಿ ತೆಗೆಯಲು ನಾಚಿಕೆ, ಮೈ ದಪ್ಪವಾಗುತ್ತದೆಂಬ ಅಂಜಿಕೆ, ಜೀವನವಿಡೀ ಇದೇ ಗತಿಯೇ ಎಂಬ ಬೇಸರ. ಈ ವಯಸ್ಸಿನಲ್ಲಿ ದೇಹದ ಬೆಳವಣಿಗೆಯ ರಸದೂತಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುವುದರಿಂದ ಸಕ್ಕರೆಯೂ ಏರುಪೇರಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ "ಮುಂದೆ ಮದುವೆಗೆ ತೊಂದರೆ" ಎಂದು ಕಾಯಿಲೆಯನ್ನು ಶಾಲೆಗೂ ನೆಂಟರಿಗೂ ತಿಳಿಸದೆ ಮುಚ್ಚಿಡುವ ಕುಟುಂಬಗಳಿವೆ. ಮುಚ್ಚಿಟ್ಟ ಕಾಯಿಲೆಗೆ ಮಧ್ಯಾಹ್ನದ ಇನ್ಸುಲಿನ್ ಸಿಗುವುದಿಲ್ಲ. ಶಾಲೆಯಲ್ಲಿ ಸಕ್ಕರೆ ಕುಸಿದು ಬಿದ್ದರೆ ಏನು ಮಾಡಬೇಕೆಂದು ಯಾರಿಗೂ ತಿಳಿದಿರುವುದಿಲ್ಲ.

ಶಾಲೆಗಳು ಮುಚ್ಚಿದ್ದ ಆ ದೀರ್ಘ ಕಾಲ ಇನ್ನೊಂದು ಸಮಸ್ಯೆಯನ್ನೂ ಹೆಚ್ಚಿಸಿತು. ಆಟವಿಲ್ಲ, ಓಡಾಟವಿಲ್ಲ, ದಿನವಿಡೀ ಮೊಬೈಲಿನಲ್ಲಿ ಪಾಠ, ಕೈಗೆ ಸಿಕ್ಕ ಕುರುಕಲು ತಿಂಡಿ. ಮಕ್ಕಳ ತೂಕ ಏರಿತು. ದೊಡ್ಡವರ ಕಾಯಿಲೆಯಾದ ಟೈಪ್ 2 ಹದಿಹರೆಯದವರಲ್ಲೂ ಹೆಚ್ಚಾಯಿತು. ಅಮೆರಿಕದ 24 ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ಮಹಾಮಾರಿಯ ಮೊದಲ ವರ್ಷದಲ್ಲಿ ಮಕ್ಕಳಲ್ಲಿ ಹೊಸ ಟೈಪ್ 2 ಪ್ರಕರಣಗಳು ಹಿಂದಿನ ಎರಡು ವರ್ಷಗಳ ಸರಾಸರಿಗಿಂತ ಶೇಕಡ 77ರಷ್ಟು ಹೆಚ್ಚಿದ್ದವು. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗಿರುವ ದಢೂತಿ ಮಕ್ಕಳನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಗುರುತು.

ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿದರೆ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ನರಗಳು ಹಾಳಾಗುತ್ತವೆ. ಕಾಯಿಲೆ ಬಂದು ಕೆಲವು ವರ್ಷಗಳಾದ ಹದಿಹರೆಯದವರಿಗೆ ಕಣ್ಣು ಮತ್ತು ಮೂತ್ರದ ಪರೀಕ್ಷೆಯನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಮಾಡಿಸಬೇಕು. ಮಹಾಮಾರಿಯ ಕಾಲದಲ್ಲಿ ಅದು ತಪ್ಪಿಹೋಗಿ ಇನ್ನೂ ಮಾಡಿಸದವರು ಇದ್ದರೆ ಈಗಲಾದರೂ ಮಾಡಿಸಿ.

ಒಂದು ಊರು ತೋರಿದ ದಾರಿ

ಈ ಕತ್ತಲೆಯಲ್ಲಿ ಒಂದು ದೀಪವೂ ಇದೆ. ಇಟಲಿಯ ಪಾರ್ಮಾ ಪ್ರಾಂತದ ವೈದ್ಯರು 1990ರ ದಶಕದ ಆರಂಭದಲ್ಲಿ ಒಂದು ಸರಳ ಕೆಲಸ ಮಾಡಿದರು. ಎಲ್ಲ ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕೊಠಡಿಗಳಲ್ಲಿ ಒಂದು ಭಿತ್ತಿಪತ್ರ ಅಂಟಿಸಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಬಹಳ ನೀರು ಕುಡಿದರೆ, ತೂಕ ಇಳಿದರೆ ಸಕ್ಕರೆ ಪರೀಕ್ಷೆ ಮಾಡಿಸಿ ಎಂಬುದೇ ಅದರ ಸಾರ. ವೈದ್ಯರಿಗೆ ಪರೀಕ್ಷಿಸುವ ಸಲಕರಣೆಯನ್ನೂ ಕೊಟ್ಟರು. ಎಂಟು ವರ್ಷಗಳ ನಂತರ ನೋಡಿದರೆ, ಹೊಸದಾಗಿ ಕಾಯಿಲೆ ಬಂದ ಶಾಲಾ ಮಕ್ಕಳಲ್ಲಿ ಡಿಕೆಎ ಪ್ರಮಾಣ ಶೇಕಡ 78ರಿಂದ 12.5ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲ, ದೊಡ್ಡ ಯಂತ್ರವಿಲ್ಲ. ಶಿಕ್ಷಕರ ಕಣ್ಣು, ತಾಯಿಯ ಕಿವಿ, ಗೋಡೆಯ ಮೇಲೊಂದು ಕಾಗದ!

ಪಾರ್ಮಾದಲ್ಲಿ ಆದದ್ದು ದಾಸರಹಳ್ಳಿಯಲ್ಲಿ ಏಕಾಗಬಾರದು? ನಮ್ಮ ಶಾಲೆಗಳು, ಅಂಗನವಾಡಿಗಳು, ಧರ್ಮಕೇಂದ್ರದ ಸೂಚನಾ ಫಲಕಗಳು, ಗಾರ್ಮೆಂಟ್ಸ್ ಕಾರ್ಖಾನೆಗಳ ಊಟದ ಕೋಣೆಗಳು, ಔಷಧಿ ಅಂಗಡಿಗಳು ಎಲ್ಲವೂ ಇದಕ್ಕೆ ತಕ್ಕ ಜಾಗಗಳು. ಬರೆಯಬೇಕಾದದ್ದು ನಾಲ್ಕೇ ಮಾತು: ಹೆಚ್ಚು ಮೂತ್ರ, ಹೆಚ್ಚು ಬಾಯಾರಿಕೆ, ಇಳಿಯುವ ತೂಕ, ವಿಪರೀತ ಸುಸ್ತು. ಕೆಳಗೆ ಒಂದು ಸಾಲು: "ಇಂದೇ ಮಗುವಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ."

ಇನ್ನು ಚಿಕಿತ್ಸೆ ಎಲ್ಲಿ? ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿ ವಿಲಾಸ ಆಸ್ಪತ್ರೆ, ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಮಕ್ಕಳ ಕಾಯಿಲೆಗಳ ಚಿಕಿತ್ಸೆಗೆ ಹೆಸರಾದವು. ಆದರೆ ದಾಸರಹಳ್ಳಿಯಿಂದ ಇವೆಲ್ಲ ದೂರ, ನಡುವೆ ಗೊರಗುಂಟೆಪಾಳ್ಯದ ವಾಹನದಟ್ಟಣೆ ಬೇರೆ. ಮಗು ಏದುಸಿರು ಬಿಡುತ್ತಿರುವಾಗ ದೊಡ್ಡ ಹೆಸರಿನ ಆಸ್ಪತ್ರೆಯನ್ನೇ ಹುಡುಕಿ ಊರು ಸುತ್ತಬೇಡಿ. ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಆಸ್ಪತ್ರೆಗೆ ಹೋಗಿ, ಸಕ್ಕರೆ ಪರೀಕ್ಷೆ ಮಾಡಲು ಹೇಳಿ. ಅಲ್ಲಿ ಡ್ರಿಪ್ ಹಾಕಿ ಮೊದಲ ಚಿಕಿತ್ಸೆ ಶುರುವಾದ ಮೇಲೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಬಹುದು. "ಸ್ವಲ್ಪ ಸಕ್ಕರೆ ನೋಡಿ ಡಾಕ್ಟರೇ" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಕಾಯಿಲೆ ಪತ್ತೆಯಾದ ನಂತರ ಶಾಲೆಯ ಸಹಕಾರ ಬಹಳ ಮುಖ್ಯ. ಇನ್ಸುಲಿನ್ ಹಾಕಿಕೊಳ್ಳಲು ಒಂದು ಮರೆಯ ಜಾಗ, ಬೇಕೆನಿಸಿದಾಗ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು, ತಿಂಡಿ ತಿನ್ನಲು ಅನುಮತಿ, ಇಷ್ಟು ಸಾಕು. ಕೇಂದ್ರ ಪ್ರೌಢ ಶಿಕ್ಷಣ ಮಂಡಳಿಯು 2017ರಿಂದ ಟೈಪ್ 1 ಇರುವ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಅವಕಾಶ ಕೊಟ್ಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2022ರಲ್ಲಿ ಟೈಪ್ 1 ಚಿಕಿತ್ಸೆಗೆಂದೇ ಮಾರ್ಗಸೂಚಿಯನ್ನು ಹೊರತಂದಿದೆ. ದಾರಿ ಇದೆ, ನಡೆಯುವವರು ನಾವಾಗಬೇಕು.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ದಾರಿಯೇ ಇರಲಿಲ್ಲ ಎಂಬುದನ್ನು ನೆನೆಯೋಣ. ಟೈಪ್ 1 ಬಂದ ಮಗು ಬದುಕುಳಿಯುವ ಮಾತೇ ಇರಲಿಲ್ಲ. 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಮೂಳೆ ಚಕ್ಕಳವಾಗಿದ್ದ ಆತನ ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ. ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ಔಷಧವನ್ನು ಇನ್ನಷ್ಟು ಶುದ್ಧಗೊಳಿಸಿ ಹನ್ನೆರಡು ದಿನಗಳ ನಂತರ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ, ಮುಂದೆ ಹದಿಮೂರು ವರ್ಷ ಬದುಕಿದ. ಸಂಶೋಧಕರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮಕ್ಕಳ ಪ್ರಾಣ ಉಳಿಸುವ ಔಷಧ ಯಾರೊಬ್ಬರ ಸ್ವತ್ತೂ ಆಗಬಾರದೆಂಬುದು ಅವರ ಆಶಯವಾಗಿತ್ತು.

ಅವರು ತಮ್ಮ ಪಾಲಿನ ಕೆಲಸ ಮಾಡಿ ಹೋದರು. ಔಷಧವಿದೆ, ವೈದ್ಯರಿದ್ದಾರೆ. ಅವರಿಬ್ಬರ ಬಳಿಗೆ ಮಗುವನ್ನು ಸಕಾಲದಲ್ಲಿ ಕರೆದೊಯ್ಯುವ ಕೆಲಸ ಮಾತ್ರ ನಮ್ಮದು. ಆದ್ದರಿಂದ ಪ್ರಿಯರೇ, ನೆರೆಮನೆಯ ಅಕ್ಕ "ನಮ್ಮ ಹುಡುಗ ಈಗೀಗ ಮತ್ತೆ ಹಾಸಿಗೆ ಒದ್ದೆ ಮಾಡ್ತಾನೆ ಕಣ್ರೀ" ಎಂದು ನಗುತ್ತಾ ಹೇಳಿದರೆ ನಾವೂ ನಕ್ಕು ಸುಮ್ಮನಾಗುವುದು ಬೇಡ. "ನೀರು ಜಾಸ್ತಿ ಕುಡೀತಾನಾ? ಸಣ್ಣಗಾಗಿದ್ದಾನಾ?" ಎಂದು ಎರಡು ಪ್ರಶ್ನೆ ಕೇಳೋಣ. ಹೌದು ಎಂದರೆ ಆ ಸಂಜೆಯೇ ಅವರ ಜೊತೆ ಹೊರಡೋಣ.